ದಾದ್ರಿಯ ಮೇಲೆ ಒಂದು ಸಾವಿರ ಅಡಿ

ದೆಹಲಿಯಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಹರಿಯಾಣದ ಚರ್ಖಿ ದಾದ್ರಿ ಸಿಗುತ್ತದೆ. ಗೋಧಿ, ಸಾಸಿವೆ ಬೆಳೆಯುವ ಸೀಮೆ. 1996ರ ನವೆಂಬರ್ 12ರ ಸಂಜೆ, ಆರೂ ನಲವತ್ತರ ಸುಮಾರಿಗೆ, ಆ ಹೊಲಗಳ ಮೇಲೆ ಎರಡು ದೊಡ್ಡ ವಿಮಾನಗಳು ಎದುರುಬದುರಾಗಿ ಬಂದು ಢಿಕ್ಕಿ ಹೊಡೆದವು. ಒಂದು ಆಗಷ್ಟೇ ದೆಹಲಿ ಬಿಟ್ಟ ಸೌದಿ ಏರ್‌ಲೈನ್ಸಿನ ಬೋಯಿಂಗ್ 747. ಇನ್ನೊಂದು ಚಿಮ್ಕೆಂತ್‌ನಿಂದ ದೆಹಲಿಗೆ ಇಳಿಯಲು ಬರುತ್ತಿದ್ದ ಕಜಕಿಸ್ತಾನ್ ಏರ್‌ಲೈನ್ಸಿನ ಇಲ್ಯೂಷಿನ್ 76. ಮೊದಲನೆಯದರಲ್ಲಿ 312 ಜನ, ಹೆಚ್ಚಿನವರು ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟ ಭಾರತೀಯರು. ಎರಡನೆಯದರಲ್ಲಿ 37 ಜನ, ಅವರಲ್ಲಿ ದೆಹಲಿಯಲ್ಲಿ ಸರಕು ಕೊಳ್ಳಲು ಬರುತ್ತಿದ್ದ ಕಿರ್ಗಿಜ್ ವ್ಯಾಪಾರಿಗಳೂ ಇದ್ದರು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಡುಆಕಾಶದಲ್ಲಿ ಎರಡು ವಿಮಾನ ಢಿಕ್ಕಿಯಾದ ಘಟನೆಗಳಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡದಿಲ್ಲ.

ಮೋಡದೊಳಗೆ ನಡೆದ ಈ ಘಟನೆಯನ್ನು ಕಂಡವರು ಅದೇ ಹೊತ್ತಿಗೆ ದೆಹಲಿಯ ಕಡೆ ಬರುತ್ತಿದ್ದ ಅಮೆರಿಕದ ವಾಯುಪಡೆಯ ಸರಕು ವಿಮಾನವೊಂದರ ಸಿಬ್ಬಂದಿ. ಮೋಡವೊಂದು ಒಳಗಿನಿಂದ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡಿತು ಎಂದು ಅವರು ವರದಿ ಮಾಡಿದರು. ದೆಹಲಿಯ ಕಂಟ್ರೋಲರ್ ಎರಡೂ ವಿಮಾನಗಳನ್ನು ಕರೆಯುತ್ತಲೇ ಇದ್ದ. ಉತ್ತರ ಬರಲಿಲ್ಲ.

ಆ ಕಂಟ್ರೋಲರ್ ಕೆಲಸ ಮಾಡುತ್ತಿದ್ದ ಪರಿಸ್ಥಿತಿಯನ್ನು ಸ್ವಲ್ಪ ಹೇಳಬೇಕು. ದೆಹಲಿಯ ಸುತ್ತಲಿನ ಆಕಾಶದ ಬಹುಪಾಲು ವಾಯುಪಡೆಯದು. ನಾಗರಿಕ ವಿಮಾನಗಳಿಗೆ ಪಶ್ಚಿಮ ದಿಕ್ಕಿನಲ್ಲಿ ಸಿಕ್ಕಿದ್ದು ಒಂದೇ ಓಣಿ. ಹೋಗುವವೂ ಅದರಲ್ಲೇ, ಬರುವವೂ ಅದರಲ್ಲೇ. ಓಣಿ ಒಂದೇ ಆದಾಗ ಇರುವ ಉಪಾಯವೂ ಒಂದೇ, ಎತ್ತರದಲ್ಲಿ ಬೇರೆ ಮಾಡುವುದು. ಆ ಸಂಜೆ ಸೌದಿ ವಿಮಾನಕ್ಕೆ 14,000 ಅಡಿಯವರೆಗೆ ಏರಲು ಹೇಳಲಾಗಿತ್ತು, ಕಜಕ್ ವಿಮಾನಕ್ಕೆ 15,000 ಅಡಿಯವರೆಗೆ ಇಳಿಯಲು. ನಡುವೆ ಒಂದು ಸಾವಿರ ಅಡಿ. ಅದು ಜಿಪುಣತನವಲ್ಲ, ಜಗತ್ತಿನಾದ್ಯಂತ ಒಪ್ಪಿಕೊಂಡ ಅಂತರ. ಇಬ್ಬರೂ ಹೇಳಿದ ಎತ್ತರದಲ್ಲಿದ್ದರೆ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಹಾದುಹೋಗುತ್ತಿದ್ದರು, ಅಷ್ಟೇ.

ಹೇಳಿದ ಎತ್ತರದಲ್ಲಿ ಇದ್ದಾರೋ ಇಲ್ಲವೋ ಎಂದು ಕಂಟ್ರೋಲರಿಗೆ ತಿಳಿಯುವುದು ಹೇಗೆ? ಕಥೆಯ ಗಂಟು ಇರುವುದು ಇಲ್ಲಿ. ರಡಾರಿನಲ್ಲಿ ಎರಡು ಬಗೆ. ಪ್ರೈಮರಿ ರಡಾರ್ ಎಂದರೆ ಬೆಟ್ಟದ ಮುಂದೆ ನಿಂತು ಕೂಗಿದ ಹಾಗೆ. ಕೂಗಿದ ಅಲೆ ಹೋಗಿ ಲೋಹಕ್ಕೆ ಬಡಿದು ಮರಳಿ ಬರುತ್ತದೆ, ಪರದೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಅಲ್ಲೇನೋ ಇದೆ, ಇಷ್ಟು ದೂರದಲ್ಲಿದೆ, ಈ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ. ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುವುದಿಲ್ಲ. ಸೆಕೆಂಡರಿ ರಡಾರ್ ಕೂಗುವುದಿಲ್ಲ, ಕೇಳುತ್ತದೆ: ಯಾರು ನೀನು, ಎಷ್ಟು ಎತ್ತರದಲ್ಲಿದ್ದೀಯ? ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ತಾನಾಗಿ ಉತ್ತರ ಕೊಡುತ್ತದೆ. ಚುಕ್ಕೆಯ ಪಕ್ಕದಲ್ಲಿ ಅಂಕಿ ಬಂದು ಕೂರುತ್ತದೆ.

1996ರಲ್ಲಿ ದೇಶದ ರಾಜಧಾನಿಯ ಕಂಟ್ರೋಲರ್ ಮುಂದೆ ಇದ್ದದ್ದು ಬರೀ ಚುಕ್ಕೆ. ಎತ್ತರ ತಿಳಿಯಬೇಕಾದರೆ ರೇಡಿಯೋದಲ್ಲಿ ಕೇಳಬೇಕು, ಪೈಲಟ್ ಹೇಳಿದ್ದನ್ನು ನಂಬಬೇಕು, ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬರೆದಿಟ್ಟುಕೊಳ್ಳಬೇಕು. ಆ ಪಟ್ಟಿಯನ್ನು ಸ್ಟ್ರಿಪ್ ಎನ್ನುತ್ತಾರೆ. ದಿನವಿಡೀ ನೂರಾರು ವಿಮಾನಗಳ ಎತ್ತರ ಎಂಬುದು ಆಗ ಒಂದು ಮಾತು, ಅದರ ಪಕ್ಕದಲ್ಲಿ ಒಂದು ಪೆನ್ನಿನ ಗುರುತು.

ಹೊಸ ಯಂತ್ರ ಬರುವುದಿತ್ತು. ದೆಹಲಿ ಮತ್ತು ಮುಂಬೈಗಳ ವಾಯು ಸಂಚಾರ ನಿಯಂತ್ರಣವನ್ನು ಆಧುನೀಕರಿಸುವ ಯೋಜನೆ ಆಗಲೇ ಶುರುವಾಗಿತ್ತು, ಅಮೆರಿಕದ ರೇಥಿಯಾನ್ ಕಂಪನಿಗೆ ಗುತ್ತಿಗೆ ಸಿಕ್ಕಿತ್ತು. ಬಳಕೆಗೆ ಮಾತ್ರ ಬಂದಿರಲಿಲ್ಲ. ಹಿಂದಿನ ವರ್ಷವಷ್ಟೇ, 1995ರ ಏಪ್ರಿಲ್‌ನಲ್ಲಿ, ಎರಡು ಪ್ರಾಧಿಕಾರಗಳನ್ನು ಕೂಡಿಸಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಹುಟ್ಟಿತ್ತು. ಸರ್ಕಾರಿ ಯೋಜನೆ ತಡವಾಗುವುದು ನಮಗೆ ಹೊಸದಲ್ಲ ಎಂದು ಇಲ್ಲಿ ನಿಟ್ಟುಸಿರು ಬಿಟ್ಟು ಮುಂದೆ ಹೋಗಿಬಿಡಬಹುದು. ಆದರೆ ಈ ಕೆಲಸದಲ್ಲಿ ತಡಕ್ಕೆ ಬೇರೆ ಕಾರಣವೂ ಇರುತ್ತದೆ. ರೈಲ್ವೆ ಗೇಟನ್ನು ಒಂದು ದಿನ ಮುಚ್ಚಿ ರಿಪೇರಿ ಮಾಡಬಹುದು. ಆಕಾಶಕ್ಕೆ ರಜೆ ಕೊಡಲು ಆಗುವುದಿಲ್ಲ. ಹಳೆಯದು ನಡೆಯುತ್ತಿರುವಾಗಲೇ ಹೊಸದನ್ನು ಅದರ ಪಕ್ಕದಲ್ಲಿ ಓಡಿಸಿ, ಎರಡನ್ನೂ ತಾಳೆ ನೋಡಿ, ಜನರಿಗೆ ತರಬೇತಿ ಕೊಟ್ಟು, ಆಮೇಲೊಂದು ದಿನ ಹಳೆಯದನ್ನು ಬಿಡಬೇಕು. ಅವಸರ ಮಾಡಿದರೂ ಅಪಾಯ, ತಡ ಮಾಡಿದರೂ ಅಪಾಯ. ದೆಹಲಿಗೆ ಎರಡನೆಯದು ಬಂದೊದಗಿತು.

ಇನ್ನು ಮಾತಿನ ಕಥೆ. ನಾನು ಅನುವಾದದಿಂದ ಹೊಟ್ಟೆ ಹೊರೆಯುವವಳಾದ್ದರಿಂದ ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ರಡಾರಿಗಿಂತ ಹೆಚ್ಚಾಗಿ ಇದು. ಇಲ್ಯೂಷಿನ್ 76ರ ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್, ಸಹಪೈಲಟ್, ಇಂಜಿನಿಯರ್, ನ್ಯಾವಿಗೇಟರ್ ಇವರ ಜೊತೆಗೆ ರೇಡಿಯೋ ಆಪರೇಟರ್ ಎಂಬವನೊಬ್ಬ ಇರುತ್ತಿದ್ದ. ಕಂಟ್ರೋಲರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು ಅವನ ಕೆಲಸ. ವಿಮಾನ ನಡೆಸುವವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂದರೆ ಅವನು ದುಭಾಷಿ. ಅವನ ಮುಂದೆ ಎತ್ತರ ತೋರಿಸುವ ತನ್ನದೇ ಆದ ಮೀಟರ್ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಅಲ್ಲೂ ಒಂದು ತೊಡಕು. ಸೋವಿಯತ್ ಪದ್ಧತಿಯ ವಿಮಾನದಲ್ಲಿ ಎತ್ತರ ಮೀಟರುಗಳಲ್ಲಿ, ದೆಹಲಿ ಹೇಳುವುದು ಅಡಿಗಳಲ್ಲಿ. 15,000 ಅಡಿ ಎಂದರೆ 4,572 ಮೀಟರ್, 14,000 ಅಡಿ ಎಂದರೆ 4,267 ಮೀಟರ್. ಜೀವ ಉಳಿಸುವ ಆ ಒಂದು ಸಾವಿರ ಅಡಿ ಅವರ ಲೆಕ್ಕದಲ್ಲಿ ಕೇವಲ 305.

ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ದುಭಾಷಿ "ಆಯ್ತು" ಎಂದರೆ ಅವನಿಗೆ ತಿಳಿಯಿತು ಎಂದಷ್ಟೇ ಅರ್ಥ. ಅವನ ಪಕ್ಕದಲ್ಲಿ ಕೂತವನಿಗೆ ತಿಳಿಯಿತೋ ಇಲ್ಲವೋ, ತಿಳಿದದ್ದನ್ನು ಮಾಡಿದನೋ ಇಲ್ಲವೋ, ಆ "ಆಯ್ತು" ಹೇಳುವುದಿಲ್ಲ. ವಿಮಾನಯಾನದಲ್ಲಿ ಇದಕ್ಕೊಂದು ಪರಿಹಾರವಿದೆ, ಹೇಳಿದ್ದನ್ನು ಕೇಳಿದವನು ತಿರುಗಿ ಹೇಳಬೇಕು. ದಾದ್ರಿಯ ಆ ಸಂಜೆಯೂ ತಿರುಗಿ ಹೇಳಿದ್ದು ಸರಿಯಾಗಿಯೇ ಇತ್ತು. 15,000 ತಲುಪಿದೆವು ಎಂದು ರೇಡಿಯೋ ಆಪರೇಟರ್ ಹೇಳಿದ. ವಿಮಾನ ಆಗಲೂ ಇಳಿಯುತ್ತಲೇ ಇತ್ತು. ಎದುರಿನಿಂದ ಸೌದಿಯ 747 ಬರುತ್ತಿದೆ, 14,000ದಲ್ಲಿ ಇದೆ, ಕಂಡರೆ ತಿಳಿಸಿ ಎಂದು ಕಂಟ್ರೋಲರ್ ಎಚ್ಚರಿಸಿದ. ಇಲ್ಯೂಷಿನ್ 15,000ದಲ್ಲಿ ನಿಲ್ಲದೆ ಕೆಳಗೆ ಹೋಯಿತು. ಕೊನೆಯ ಗಳಿಗೆಯಲ್ಲಿ ರೇಡಿಯೋ ಆಪರೇಟರ್‌ಗೆ ಮೀಟರ್ ಕಂಡಿರಬೇಕು, ಮೇಲಕ್ಕೇರಿ ಎಂದು ಕೂಗಿದ. ಪೈಲಟ್ ಏರಿಸಿದ. ಏರುತ್ತಿದ್ದ ಅದರ ಬಾಲ 747ರ ಎಡರೆಕ್ಕೆಯನ್ನು ಸೀಳಿತು. ಏರದೆ ಇದ್ದಿದ್ದರೆ ಬಹುಶಃ ಕೆಳಗಿಂದ ಹಾದುಹೋಗುತ್ತಿತ್ತು ಎಂಬ ಮಾತಿದೆ. ಇಡೀ ವಿಮಾನದಲ್ಲಿ ಕಂಟ್ರೋಲರ್ ಹೇಳಿದ್ದನ್ನು ಪೂರ್ತಿ ಗ್ರಹಿಸಿದ್ದವನು ಒಬ್ಬನೇ, ಅವನ ಎಚ್ಚರಿಕೆಯೇ ವಿಮಾನವನ್ನು ಆ ಎತ್ತರಕ್ಕೆ ತಂದಿತು ಎನ್ನುವುದನ್ನು ಅರಗಿಸಿಕೊಳ್ಳುವುದು ಕಷ್ಟ.

ತನಿಖೆಗೆ ನೇಮಕವಾದವರು ಆಗ ದೆಹಲಿ ಹೈಕೋರ್ಟಿನಲ್ಲಿದ್ದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಆರ್.ಸಿ. ಲಹೋಟಿ. ಕಜಕ್ ಕಡೆಯವರು ಮೋಡದೊಳಗಿನ ಗಾಳಿಯ ಕುಲುಕಾಟ ವಿಮಾನವನ್ನು ಕೆಳಗೆ ತಳ್ಳಿತು ಎಂದು ವಾದಿಸಿದರು. ಆಯೋಗ ಒಪ್ಪಲಿಲ್ಲ. ಕೊಟ್ಟ ಎತ್ತರವನ್ನು ಬಿಟ್ಟು ಕಜಕ್ ವಿಮಾನ ಅನುಮತಿಯಿಲ್ಲದೆ ಇಳಿದದ್ದೇ ಮೂಲ ಕಾರಣ ಎಂದಿತು, ಸಿಬ್ಬಂದಿಯ ಇಂಗ್ಲಿಷಿನ ಕೊರತೆಯನ್ನೂ ಗುರುತಿಸಿತು. ದೆಹಲಿಯ ಕಂಟ್ರೋಲರ್ ಹೇಳಬೇಕಾದದ್ದನ್ನೆಲ್ಲ ಹೇಳಿದ್ದ. ತೀರ್ಪು ಸರಿಯಾದದ್ದೇ. ಆದರೂ ಪರದೆಯ ಮೇಲೆ ಆ ಒಂದು ಅಂಕಿ ಇದ್ದಿದ್ದರೆ, 150 ಎಂದು ಇರಬೇಕಾದದ್ದು 145 ಆಗುವುದನ್ನು ಅವನು ಕಣ್ಣಾರೆ ಕಾಣುತ್ತಿದ್ದ ಎಂಬುದನ್ನು ತೀರ್ಪು ಅಳಿಸಲಾರದು. ಇಂಥ ಘಟನೆಗಳಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಗೂ ತಡೆಯಬಹುದಿತ್ತೇ ಎಂಬ ಪ್ರಶ್ನೆಗೂ ಉತ್ತರ ಬೇರೆಬೇರೆ. ನಮ್ಮ ಚರ್ಚೆಗಳು ಮೊದಲನೆಯದರಲ್ಲೇ ಸುಸ್ತಾಗಿಬಿಡುತ್ತವೆ.

ಮುಂದೆ ಬದಲಾವಣೆಗಳು ಬೇಗ ಬಂದವು. ಹೋಗುವ ಬರುವ ವಿಮಾನಗಳಿಗೆ ಬೇರೆ ಬೇರೆ ದಾರಿ ಮಾಡಿದರು. ಸೆಕೆಂಡರಿ ರಡಾರ್ ಕೆಲಸ ಶುರುಮಾಡಿತು. ಟಿಕ್ಯಾಸ್ ಎಂಬ ಉಪಕರಣ ಕಡ್ಡಾಯವಾಯಿತು. ದಾದ್ರಿಯ ಎರಡೂ ವಿಮಾನಗಳಲ್ಲಿ ಅದು ಇರಲಿಲ್ಲ. ಅದು ನೆಲದ ಹಂಗಿಲ್ಲದೆ ಅಕ್ಕಪಕ್ಕದ ವಿಮಾನಗಳ ಟ್ರಾನ್ಸ್‌ಪಾಂಡರುಗಳನ್ನು ತಾನೇ ಮಾತಾಡಿಸುತ್ತದೆ. ಢಿಕ್ಕಿಯ ಸಾಧ್ಯತೆ ಕಂಡರೆ ಎರಡು ವಿಮಾನಗಳ ಪೆಟ್ಟಿಗೆಗಳು ತಮ್ಮೊಳಗೆ ಹೊಂದಿಸಿಕೊಂಡು ಒಬ್ಬ ಪೈಲಟ್‌ಗೆ ಏರು ಎಂದೂ ಇನ್ನೊಬ್ಬನಿಗೆ ಇಳಿ ಎಂದೂ ಹೇಳುತ್ತವೆ. ದುಭಾಷಿ ಬೇಕಿಲ್ಲ, ಅಡಿ ಮೀಟರುಗಳ ಗೊಂದಲವಿಲ್ಲ. ಭಾಷೆಯ ಮಟ್ಟಿಗೆ ಜಗತ್ತು ಇನ್ನೂ ನಿಧಾನ. 1977ರಲ್ಲಿ ಟೆನೆರೀಫ್‌ನ ಮಂಜಿನಲ್ಲಿ ಎರಡು 747ಗಳು ರನ್‌ವೇ ಮೇಲೆಯೇ ಢಿಕ್ಕಿಯಾಗಿ 583 ಜನ ಸತ್ತಾಗಲೇ ರೇಡಿಯೋ ಮಾತಿನ ಅಸ್ಪಷ್ಟತೆ ಏನು ಮಾಡಬಲ್ಲದು ಎಂದು ಗೊತ್ತಾಗಿತ್ತು. ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳೂ ಕಂಟ್ರೋಲರುಗಳೂ ಇಂಗ್ಲಿಷಿನಲ್ಲಿ ಆರು ಮಟ್ಟಗಳ ಪೈಕಿ ಕನಿಷ್ಠ ನಾಲ್ಕನೆಯದನ್ನು ಮುಟ್ಟಿರಬೇಕು ಎಂಬ ನಿಯಮ ಜಾರಿಗೆ ಬಂದದ್ದು 2008ರಲ್ಲಿ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್ಲಿಂಗೆನ್ ಊರಿನ ಮೇಲೆ, ಟಿಕ್ಯಾಸ್ ಇದ್ದ ಎರಡು ವಿಮಾನಗಳು ಢಿಕ್ಕಿ ಹೊಡೆದವು. ಒಂದು ರಷ್ಯಾದ ತುಪೊಲೆವ್ 154, ಇನ್ನೊಂದು ಡಿಎಚ್‌ಎಲ್ ಕಂಪನಿಯ ಬೋಯಿಂಗ್ 757. ಸತ್ತವರು 71, ಅವರಲ್ಲಿ 52 ಮಂದಿ ಬಾರ್ಸಿಲೋನಾಕ್ಕೆ ರಜೆಗೆ ಹೊರಟಿದ್ದ ರಷ್ಯಾದ ಮಕ್ಕಳು.

ಆ ಆಕಾಶದ ನಿಯಂತ್ರಣ ಸ್ವಿಟ್ಜರ್ಲೆಂಡಿನ ಜೂರಿಕ್ ಕೇಂದ್ರದ್ದು. ಅದು ದೆಹಲಿಯ ಹಾಗೆ ಯಂತ್ರಕ್ಕಾಗಿ ಕಾಯುತ್ತಿದ್ದ ಜಾಗವಲ್ಲ, ಎಲ್ಲವೂ ಇತ್ತು. ಆ ರಾತ್ರಿ ಎಲ್ಲವೂ ರಿಪೇರಿಯಲ್ಲಿತ್ತು. ಆಕಾಶದ ವಿಭಾಗಗಳನ್ನು ಹೊಸದಾಗಿ ಹೊಂದಿಸುವ ಕೆಲಸಕ್ಕಾಗಿ ತಂತ್ರಜ್ಞರು ಮುಖ್ಯ ವ್ಯವಸ್ಥೆಯನ್ನು ಬದಲಿ ಸ್ಥಿತಿಯಲ್ಲಿ ಇಟ್ಟಿದ್ದರು. ಎರಡು ವಿಮಾನ ಹತ್ತಿರವಾದಾಗ ಪರದೆಯ ಮೇಲೆ ಮೂಡಬೇಕಾದ ಎಚ್ಚರಿಕೆ ಹಾಗಾಗಿ ಮೂಡುವಂತಿರಲಿಲ್ಲ. ಅಕ್ಕಪಕ್ಕದ ಕೇಂದ್ರಗಳ ಜೊತೆಗಿನ ಫೋನ್ ಲೈನನ್ನೂ ಅದೇ ಹೊತ್ತಿಗೆ ನಿಲ್ಲಿಸಿದ್ದರು, ಬದಲಿ ಲೈನ್ ಕೈಕೊಟ್ಟಿತ್ತು. ಕಾರ್ಲ್ಸ್‌ರೂಹೆ ಕೇಂದ್ರದ ಕಂಟ್ರೋಲರ್‌ಗೆ ತನ್ನ ಪರದೆಯಲ್ಲಿ ಅಪಾಯ ಕಂಡಿತ್ತು. ಜೂರಿಕ್‌ಗೆ ಮತ್ತೆ ಮತ್ತೆ ಫೋನ್ ಮಾಡಿದ, ಸಿಗಲಿಲ್ಲ. ಜೂರಿಕ್‌ನಲ್ಲಿ ಒಬ್ಬ ಕಂಟ್ರೋಲರ್ ವಿಶ್ರಾಂತಿಗೆ ಹೋಗಿದ್ದ. ಉಳಿದ ಒಬ್ಬನೇ ಎರಡು ಪರದೆ ನೋಡಿಕೊಳ್ಳುತ್ತ, ತಡವಾಗಿ ಬಂದ ಏರ್‌ಬಸ್ಸೊಂದನ್ನು ಬೇರೆ ನಿಲ್ದಾಣಕ್ಕೆ ಇಳಿಸುತ್ತಿದ್ದ. ಆ ರಾತ್ರಿಯ ಕೆಲಸದಿಂದ ಯಾವ ಯಾವ ಸೌಲಭ್ಯ ಇರುವುದಿಲ್ಲ ಎಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಕೊನೆಗೆ ಅವನಿಗೆ ಕಂಡಾಗ ತುಪೊಲೆವ್‌ಗೆ ಇಳಿ ಎಂದ. ಕೆಲವೇ ಸೆಕೆಂಡಿನಲ್ಲಿ ಅದೇ ವಿಮಾನದ ಟಿಕ್ಯಾಸ್ ಏರು ಎಂದಿತು. ಬೋಯಿಂಗ್‌ನ ಟಿಕ್ಯಾಸ್ ಅದಕ್ಕೆ ಸರಿಯಾಗಿಯೇ ಇಳಿ ಎಂದಿತ್ತು. ಮನುಷ್ಯನ ಮಾತೋ ಯಂತ್ರದ ಮಾತೋ, ಯಾವುದು ಮೇಲು ಎಂಬುದು ಆಗಿನ ನಿಯಮಗಳಲ್ಲೂ ಕೈಪಿಡಿಗಳಲ್ಲೂ ಒಂದೇ ರೀತಿ ಬರೆದಿರಲಿಲ್ಲ. ತುಪೊಲೆವ್ ಮನುಷ್ಯನ ಮಾತು ಕೇಳಿತು, ಬೋಯಿಂಗ್ ಯಂತ್ರದ ಮಾತು ಕೇಳಿತು. ಎರಡೂ ಒಟ್ಟಿಗೆ ಇಳಿದವು. ಹೆಚ್ಚು ನೋವಾಗುವುದು ಇದು: 2001ರ ಜನವರಿಯಲ್ಲಿ ಜಪಾನಿನಲ್ಲಿ ಇದೇ ಗೊಂದಲ ಎರಡು ವಿಮಾನಗಳನ್ನು ಕೂದಲೆಳೆಯಷ್ಟು ಹತ್ತಿರ ತಂದಿತ್ತು, ಆ ದೇಶ ಅಂತರರಾಷ್ಟ್ರೀಯ ಸಂಸ್ಥೆಯ ಗಮನಕ್ಕೂ ತಂದಿತ್ತು. ಪೈಲಟ್ ಟಿಕ್ಯಾಸ್ ಹೇಳಿದ್ದನ್ನೇ ಕೇಳಬೇಕು ಎಂದು ಬಿಗಿಯಾಗಿ ಬರೆದದ್ದು ಊಬರ್ಲಿಂಗೆನ್ ಆದಮೇಲೆ. ಆ ಕಂಟ್ರೋಲರನ್ನು 2004ರಲ್ಲಿ, ಆ ವಿಮಾನದಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಒಬ್ಬ ತಂದೆ ಮನೆಗೆ ಹುಡುಕಿಕೊಂಡು ಹೋಗಿ ಕೊಂದ. ರಿಪೇರಿಯನ್ನು ಹಾಗೆ ಯೋಜಿಸಿದ, ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂರುವ ರೂಢಿಯನ್ನು ನಡೆಸಿಕೊಂಡು ಬಂದ ಕಂಪನಿಯ ನಾಲ್ವರು ವ್ಯವಸ್ಥಾಪಕರು ತಪ್ಪಿತಸ್ಥರೆಂದು ಸ್ವಿಸ್ ಕೋರ್ಟ್ ಹೇಳಿದ್ದು 2007ರಲ್ಲಿ.

ಬ್ರೆಜಿಲ್‌ನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 2006ರ ಸೆಪ್ಟೆಂಬರ್ 29ರಂದು ಅಮೆಜಾನ್ ಕಾಡಿನ ಮೇಲೆ ಗೋಲ್ ಕಂಪನಿಯ ಬೋಯಿಂಗ್ 737 ಮತ್ತು ಒಂದು ಪುಟ್ಟ ಖಾಸಗಿ ಜೆಟ್ ಢಿಕ್ಕಿಯಾದವು, 737ರಲ್ಲಿದ್ದ 154 ಜನ ಸತ್ತರು. (ದಾದ್ರಿಯ ಕಜಕ್ ವಿಮಾನದ ಸಂಖ್ಯೆ 1907, ಇದರದ್ದೂ 1907. ಕಾಕತಾಳೀಯ, ಆದರೂ ಓದುವಾಗ ಬೆಚ್ಚಿಬೀಳುತ್ತೇವೆ.) ಪುಟ್ಟ ಜೆಟ್ ಬ್ರೆಸಿಲಿಯಾ ದಾಟಿದ ಮೇಲೆ 36,000 ಅಡಿಗೆ ಇಳಿಯುವುದೆಂದು ಅದರ ಫ್ಲೈಟ್ ಪ್ಲಾನಿನಲ್ಲಿತ್ತು. ಇಳಿ ಎಂದು ಯಾರೂ ಹೇಳಲಿಲ್ಲ, ಅದು 37,000ದಲ್ಲೇ ಹೋಯಿತು. ಕಂಟ್ರೋಲರ್‌ನ ಪರದೆಯಲ್ಲಿ ಸಾಫ್ಟ್‌ವೇರ್ ಮಾತ್ರ ಅನುಮತಿಸಿದ ಎತ್ತರದ ಜಾಗದಲ್ಲಿ ತಾನಾಗಿಯೇ 360 ಎಂದು ಬದಲಿಸಿಕೊಂಡಿತು. ಯೋಜನೆಯಲ್ಲಿ ಇದ್ದದ್ದು ನಡೆದದ್ದರ ವೇಷ ಹಾಕಿತು. ವ್ಯಾಕರಣದವರು ವಿಧ್ಯರ್ಥ, ವರ್ತಮಾನ ಎಂದು ಬೇರೆ ಮಾಡಿಡುವುದು ಸುಮ್ಮನೆ ಅಲ್ಲ. "ಇಳಿಯಲಿ" ಮತ್ತು "ಇಳಿದಿದೆ" ಎರಡನ್ನೂ ಒಂದೇ ಅಂಕಿಯಲ್ಲಿ ಬರೆದರೆ ಓದುವವನು ಏನು ಮಾಡಬೇಕು? ಸ್ವಲ್ಪ ಹೊತ್ತಿನಲ್ಲೇ ಜೆಟ್‌ನ ಟ್ರಾನ್ಸ್‌ಪಾಂಡರ್ ಮೌನವಾಯಿತು, ಅದರೊಂದಿಗೆ ಟಿಕ್ಯಾಸ್‌ ಕೂಡ ಕುರುಡಾಯಿತು.

ಅಲ್ಲಿ ಇನ್ನೊಂದು ವಿಚಿತ್ರವೂ ಇದೆ. ಹಿಂದೆ ಒಂದೇ ದಾರಿಯಲ್ಲಿ ಹಾರುವ ವಿಮಾನಗಳು ಅಷ್ಟಿಷ್ಟು ಎಡಕ್ಕೋ ಬಲಕ್ಕೋ ಸರಿದೇ ಇರುತ್ತಿದ್ದವು. ಉಪಗ್ರಹದ ಕಾಲದಲ್ಲಿ ಎಲ್ಲರೂ ಗೆರೆಯ ನಟ್ಟನಡುವೆ. ಹಾಗಾಗಿ ಎತ್ತರದಲ್ಲಿ ಒಂದು ತಪ್ಪಾದರೆ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಅದೃಷ್ಟ ಉಳಿದಿಲ್ಲ. ಸಾಗರಗಳ ಮೇಲೆ ಹಾರುವ ಪೈಲಟ್‌ಗಳು ಈಗ ಬೇಕೆಂದೇ ದಾರಿಯಿಂದ ಎರಡು ನಾಟಿಕಲ್ ಮೈಲಿಯವರೆಗೆ ಬಲಕ್ಕೆ ಸರಿದು ಹಾರಬಹುದು, ಅದಕ್ಕೆ ನಿಯಮವೇ ಇದೆ. ಯಂತ್ರ ಕಳೆದ ತಪ್ಪನ್ನು ಮನುಷ್ಯರು ಅಳೆದು ಮರಳಿ ಸೇರಿಸಿದ್ದಾರೆ.

ಈಚಿನ ವರ್ಷಗಳ ತೊಂದರೆ ಬೇರೆ ಜಾತಿಯದು. 2023ರ ಆಗಸ್ಟ್ 28ರಂದು ಬ್ರಿಟನ್ನಿನ ವ್ಯವಸ್ಥೆಗೆ ಲಾಸ್ ಏಂಜಲೀಸ್‌ನಿಂದ ಪ್ಯಾರಿಸ್‌ಗೆ ಹೋಗುವ ವಿಮಾನವೊಂದರ ಫ್ಲೈಟ್ ಪ್ಲಾನ್ ಬಂತು. ದಾರಿಯಲ್ಲಿ ಎರಡು ಗುರುತಿನ ಬಿಂದುಗಳಿಗೆ ಒಂದೇ ಹೆಸರು, ಡಿವಿಎಲ್. ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ದೋವಿಲ್. ಬ್ರಿಟನ್ನಿನ ಆಕಾಶದಿಂದ ಈ ವಿಮಾನ ಹೊರಬೀಳುವುದು ಎಲ್ಲಿ ಎಂದು ಹುಡುಕುತ್ತಿದ್ದ ಪ್ರೋಗ್ರಾಮು ಎರಡನ್ನೂ ಒಂದೇ ಎಂದುಕೊಂಡು, ಲೆಕ್ಕ ಕೂಡದೆ ಕಕ್ಕಾಬಿಕ್ಕಿಯಾಗಿ, ತಪ್ಪು ಮಾಹಿತಿ ಕಂಟ್ರೋಲರಿಗೆ ಹೋಗುವುದು ಬೇಡವೆಂದು ತನ್ನನ್ನೇ ನಿಲ್ಲಿಸಿಕೊಂಡಿತು. ಬದಲಿ ಯಂತ್ರ ಎದ್ದಿತು. ಅದರಲ್ಲಿದ್ದದ್ದೂ ಅದೇ ಪ್ರೋಗ್ರಾಮು, ಅದೇ ಪ್ಲಾನು, ಅದೇ ಫಲ. ಎಲ್ಲ ಸೇರಿ ಸುಮಾರು ಇಪ್ಪತ್ತು ಸೆಕೆಂಡು. ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತು. ನಮ್ಮ ಕಡೆ ಯಾರಾದರೂ ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ, ಯಾವ ತಾಲ್ಲೂಕು ಎಂದು ಬಸ್ಸಿನ ಕಂಡಕ್ಟರನೂ ಕೇಳುತ್ತಾನೆ. ಆ ಪ್ರೋಗ್ರಾಮಿಗೆ ಕೇಳುವುದು ಗೊತ್ತಿರಲಿಲ್ಲ. ಹಾಗಿದ್ದರೂ ಒಂದು ನ್ಯಾಯ ಹೇಳಬೇಕು, ಅನುಮಾನ ಬಂದಾಗ ಊಹಿಸಿ ಮುಂದೆ ಹೋಗದೆ ಅದು ನಿಂತಿತು. ಬ್ರೆಜಿಲ್‌ನ ಪರದೆ ಊಹಿಸಿ ಮುಂದೆ ಹೋಗಿತ್ತು.

ಬೆಂಗಳೂರಿನದ್ದೂ ಒಂದು ಪ್ರಕರಣವಿದೆ, ಅಲ್ಲಿ ಯಂತ್ರದ ತಪ್ಪೇ ಇಲ್ಲ. ಎರಡು ಸಮಾನಾಂತರ ರನ್‌ವೇಗಳಿರುವ ಕೆಂಪೇಗೌಡ ನಿಲ್ದಾಣದಲ್ಲಿ 2022ರ ಜನವರಿಯ ಒಂದು ಬೆಳಿಗ್ಗೆ ಕೋಲ್ಕತ್ತಾಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ಇಂಡಿಗೋ ವಿಮಾನಗಳಿಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೇರಲು ಅನುಮತಿ ಸಿಕ್ಕಿತು. ಒಂದೇ ರನ್‌ವೇ ಬಳಸೋಣ ಎಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದ್ದು ಇನ್ನೊಂದು ರನ್‌ವೇ ನೋಡುತ್ತಿದ್ದ ಕಂಟ್ರೋಲರಿಗೆ ತಲುಪಿರಲಿಲ್ಲ. ಏರಿದ ಮೇಲೆ ಎರಡೂ ಒಂದರ ಕಡೆಗೊಂದು ವಾಲುತ್ತಿದ್ದುದನ್ನು ರಡಾರ್ ಕಂಟ್ರೋಲರ್ ಕಂಡು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಕಂಡದ್ದು ಸೆಕೆಂಡರಿ ರಡಾರಿನ ಪರದೆಯ ಮೇಲೆ, ದಾದ್ರಿಯ ಸಂಜೆ ದೆಹಲಿಯಲ್ಲಿ ಇರದಿದ್ದ ಅಂಕಿಗಳ ಸಮೇತ.

ಈ ಪತ್ರ ಓದುವ ದೆಹಲಿಯವರಲ್ಲಿ ಕೆಲವರಾದರೂ 2025ರ ನವೆಂಬರ್ 7ರಂದು ಇಂದಿರಾ ಗಾಂಧಿ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂತಿರಬಹುದು. ದಾದ್ರಿಗೆ 29 ವರ್ಷ ತುಂಬಲು ಐದು ದಿನ ಬಾಕಿ ಇತ್ತು. ಅವತ್ತು ಕೆಟ್ಟದ್ದು ರಡಾರ್ ಅಲ್ಲ, ರೇಡಿಯೋ ಅಲ್ಲ. ಫ್ಲೈಟ್ ಪ್ಲಾನುಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಸಂದೇಶ ರವಾನೆಯ ವ್ಯವಸ್ಥೆ. ಅಂಚೆಯವನು ಬರದ ಕಚೇರಿಯಂತಾಯಿತು. 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಅದೇ ವರ್ಷ ಸಂಸತ್ತಿನ ಸ್ಥಾಯಿ ಸಮಿತಿಯೊಂದು ವಿಮಾನ ಸುರಕ್ಷತೆಯ ಬಗ್ಗೆ ಕೊಟ್ಟ ವರದಿಯಲ್ಲಿ ಕಂಟ್ರೋಲರುಗಳ ಕೊರತೆಯ ಮಾತೂ ಇತ್ತು, ಯಂತ್ರಗಳ ಮಿತಿಯ ಮಾತೂ ಇತ್ತು. ಟರ್ಮಿನಲ್ಲಿನಲ್ಲಿ ಜನ ಬೋರ್ಡು ನೋಡುತ್ತ ನಿಂತಿದ್ದಾಗ ಕಂಟ್ರೋಲರುಗಳು ತಾನಾಗಿ ಬರಬೇಕಿದ್ದ ಪ್ಲಾನುಗಳನ್ನು ಒಂದೊಂದಾಗಿ ಕೈಯಿಂದಲೇ ತಯಾರಿಸುತ್ತ, ವಿಮಾನಗಳನ್ನು ಸರದಿಯಂತೆ ಬಿಡುತ್ತಿದ್ದರು.